ಸಾಯದವಳ ಕಥೆಗೆ ಗಡುವು ಎಲ್ಲಿದೆ?

ಪ್ರಶ್ನೆ: ಮೇಡಂ, ನಮ್ಮದು ಏಳು ಜನರ ಒಂದು ಓದುವ ಗುಂಪು. ತಿಂಗಳಿಗೊಂದು ಪುಸ್ತಕ. ಈ ಸಲ ವಿ. ಇ. ಶ್ವಾಬ್ ಬರೆದ 'ದಿ ಇನ್‌ವಿಸಿಬಲ್ ಲೈಫ್ ಆಫ್ ಆ್ಯಡಿ ಲರೂ' ತೆಗೆದುಕೊಂಡಿದ್ದೇವೆ. ಉಳಿದ ಆರು ಜನಕ್ಕೂ ಭಾರಿ ಇಷ್ಟ. ನನಗೆ ಮಾತ್ರ ಪುಟ ಮುಂದೆ ಹೋಗುತ್ತಿಲ್ಲ. ಪುಸ್ತಕದಂಗಡಿಯ ಹುಡುಗ ಬಂದ ಮೇಲಾದರೂ ಕಥೆ ಓಡುತ್ತೆ ಅಂದುಕೊಂಡೆ, ನೋಡಿದರೆ ಮತ್ತೆ ಹದಿನೆಂಟನೇ ಶತಮಾನಕ್ಕೆ ವಾಪಸ್. ಮುನ್ನೂರು ವರ್ಷ ಬದುಕಿದವಳು ಇತಿಹಾಸ ನೋಡಬೇಕಲ್ವಾ? ಇವಳು ಕದಿಯುತ್ತಾಳೆ, ನಡೆಯುತ್ತಾಳೆ, ಮತ್ತೆ ಕದಿಯುತ್ತಾಳೆ. ತಪ್ಪು ನನ್ನದಾ, ಪುಸ್ತಕದ್ದಾ? ಅರ್ಧಕ್ಕೆ ಬಿಟ್ಟರೆ ಪರವಾಗಿಲ್ವಾ? (ನಮ್ಮ ಅತ್ತೆಗೆ ಇಲ್ಲಿಯವರೆಗಿನ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅಯ್ಯೋ, ಆ ಹುಡುಗಿಗೆ ಊಟ ಯಾರು ಹಾಕ್ತಾರೆ?")

ಉತ್ತರ: ಮೊದಲು ನಿಮ್ಮ ಅತ್ತೆಯವರಿಗೆ ನನ್ನದೊಂದು ನಮಸ್ಕಾರ ಹೇಳಿ. ನಾನೂರು ಪುಟ ದಾಟುವ ಆ ಕಾದಂಬರಿ ಯಾವ ಮೊಳೆಗೆ ನೇತುಬಿದ್ದಿದೆಯೋ ಆ ಮೊಳೆಯ ಮೇಲೇ ಕೈಯಿಟ್ಟಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಕೊನೇ ಪ್ರಶ್ನೆಗೆ ಉತ್ತರ ಸುಲಭ. ಬಿಡಬಹುದು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು ಅಂತ ನಮಗೆ ಹೇಳಿಕೊಟ್ಟಿದ್ದಾರೆ, ಅರ್ಧ ಓದಿ ಬಿಟ್ಟರೆ ಏನು ಮಾಡಬೇಕು ಅಂತ ಯಾರೂ ಹೇಳಿಲ್ಲ. ನಾನೇ ಇದನ್ನು ಮೊದಲ ಸಲ ಅರ್ಧಕ್ಕೆ ಬಿಟ್ಟವಳು. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಕಾದಂಬರಿ ಪಾಠ ಮಾಡಿ, ಹುಡುಗರಿಗೆ ತಾಳ್ಮೆಯೇ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಕೂತು ಗೊಣಗಿದವಳು ನಾನು. ಅಂಥವಳು ಒಂದು ಬಸ್ ಟಿಕೆಟ್ ನಡುವೆ ಸಿಕ್ಕಿಸಿ ಇದನ್ನು ಮಂಚದ ಪಕ್ಕದ ರಾಶಿಗೆ ಸೇರಿಸಿಬಿಟ್ಟೆ. ಎಂಟು ತಿಂಗಳು ಅಲ್ಲೇ ಬಿದ್ದಿತ್ತು. ಮತ್ತೆ ತೆಗೆದಾಗ ತುಂಬ ಕಡೆ ಬೇರೆಯದೇ ಪುಸ್ತಕದ ಹಾಗೆ ಕಂಡಿತು. ಕೆಲವು ಕಡೆ ಮಾತ್ರ ಮೊದಲ ಸಲ ಬಂದ ಆಕಳಿಕೆಯೇ ಮತ್ತೆ ಬಂತು. ಹಾಗಾಗಿ ಎಲ್ಲಿ ತಪ್ಪು ನಮ್ಮದು, ಎಲ್ಲಿ ಪುಸ್ತಕದ್ದು ಅಂತ ಬಿಡಿಸಿ ಹೇಳಲು ನೋಡುತ್ತೇನೆ. ನೀವು ಓದಿರುವ ಜಾಗದಿಂದ ಮುಂದಿನ ಗುಟ್ಟುಗಳನ್ನು ಮುಟ್ಟುವುದಿಲ್ಲ, ಹೆದರಬೇಡಿ. ಒಂದೇ ಒಂದು ಸಣ್ಣದು ಹೇಳುತ್ತೇನೆ, ಅದೂ ಹೇಳುವ ಮುಂಚೆ ಎಚ್ಚರಿಸುತ್ತೇನೆ.

ಪುಸ್ತಕ ಓದದೇ ಇದನ್ನು ಓದುತ್ತಿರುವವರಿಗಾಗಿ ಎರಡು ಮಾತಿನಲ್ಲಿ ಕಥೆ. ಇಸವಿ 1714. ಫ್ರಾನ್ಸಿನ ಒಂದು ಸಣ್ಣ ಹಳ್ಳಿ. ಆ್ಯಡಲೀನ್‌ಗೆ ಇಪ್ಪತ್ತಮೂರು ವರ್ಷ. ಹೆಂಡತಿ ಸತ್ತ ಒಬ್ಬನಿಗೆ ಅವಳನ್ನು ಕೊಟ್ಟು ಮದುವೆ ಮಾಡಲು ಹೊರಟಿದ್ದಾರೆ. ಅವಳು ಮದುವೆಯ ದಿನ ಕಾಡಿಗೆ ಓಡಿ ದೇವರನ್ನು ಬೇಡುತ್ತಾಳೆ. ಊರಿನ ಮುದುಕಿ ಎಸ್ಟೆಲ್ ಮೊದಲೇ ಎಚ್ಚರಿಸಿದ್ದಳು, ಕತ್ತಲಾದ ಮೇಲೆ ಓಗೊಡುವ ದೇವರುಗಳನ್ನು ಮಾತ್ರ ಕರೆಯಬೇಡ ಅಂತ. ಗಾಬರಿಯಲ್ಲಿ ಇವಳು ಸೂರ್ಯ ಮುಳುಗಿದ್ದನ್ನು ಗಮನಿಸಲಿಲ್ಲ. ಬಂದವನು ವರ ಕೊಟ್ಟ. ಮುಪ್ಪಿಲ್ಲ, ಸಾವಿಲ್ಲ, ಯಾರ ಹಂಗೂ ಇಲ್ಲ. ಬದಲಿಗೆ ಇವಳನ್ನು ಕಂಡವರು ಕಣ್ಣು ಮರೆಯಾದ ತಕ್ಷಣ ಮರೆತುಬಿಡುತ್ತಾರೆ. ಹೆಸರು ಹೇಳಲು ಬಾಯಿ ಬರುವುದಿಲ್ಲ, ಬರೆದರೆ ಶಾಯಿ ಉಳಿಯುವುದಿಲ್ಲ. ಹೀಗೇ ಮುನ್ನೂರು ವರ್ಷ. 2014ರಲ್ಲಿ ನ್ಯೂಯಾರ್ಕಿನ ಒಂದು ಪುಸ್ತಕದಂಗಡಿಯಲ್ಲಿ ಹೆನ್ರಿ ಅನ್ನುವ ಹುಡುಗ ಅವಳನ್ನು ನೋಡಿ, ನೀನು ನೆನಪಿದ್ದೀಯ ಅನ್ನುತ್ತಾನೆ. ಕಾದಂಬರಿ ಬಂದದ್ದು 2020ರ ಅಕ್ಟೋಬರಿನಲ್ಲಿ.

ಈಗ ನಿಧಾನದ ವಿಷಯ.

ನಮಗೆ ಗೊತ್ತಿರುವ ಕಥೆಗಳು ಓಡುವುದೇ ಗಡುವಿನಿಂದ. ಮುಹೂರ್ತ ಮೀರುತ್ತಿದೆ, ಮಳೆ ಬರುವುದರೊಳಗೆ ಬೆಳೆ ಒಳಗೆ ಬರಬೇಕು, ವಿಷ ಏರುತ್ತಿದೆ, ರೈಲು ಹೊರಡುತ್ತಿದೆ. ಓದುವವರ ಎದೆ ಡವಡವ ಅನ್ನುವುದು ಎಲ್ಲೋ ಒಂದು ಕಡೆ ಸಮಯ ಮುಗಿಯುತ್ತಿರುವುದರಿಂದ. ನಾಯಕಿಗೆ ಸಾವೇ ಇಲ್ಲ ಅಂತ ಮೊದಲ ಅಧ್ಯಾಯಗಳಲ್ಲೇ ಹೇಳಿಬಿಟ್ಟರೆ ಆ ಮೋಟಾರು ಆಫ್ ಆಯಿತು. ಅವಳು ಹಳ್ಳಕ್ಕೆ ಬಿದ್ದರೂ ಏಳುತ್ತಾಳೆ. ಇವತ್ತಲ್ಲದಿದ್ದರೆ ಇನ್ನೂರು ವರ್ಷ ಬಿಟ್ಟು ಆಗುತ್ತೆ. ಅಮರತ್ವದ ಬಗ್ಗೆ ಬರೆಯುವ ಯಾರಿಗೇ ಆದರೂ ಇದು ತಲೆನೋವು. ಹಾಗಾಗಿ ಇಂಥ ಪುಸ್ತಕ ಹಿಡಿದಾಗ "ಮುಂದೇನಾಗುತ್ತೆ" ಅಂತ ಕೇಳುತ್ತಾ ಕೂತರೆ ನಿರಾಸೆ ಗ್ಯಾರಂಟಿ. ನಾನು ಮೊದಲ ಸಲ ಮಾಡಿದ್ದು ಅದನ್ನೇ. ಎರಡನೇ ಸಲ ಬೇರೆ ಪ್ರಶ್ನೆ ಇಟ್ಟುಕೊಂಡೆ: ಸಾವಿಲ್ಲದವರ ಹತ್ತಿರ ಖರ್ಚಾಗುತ್ತಿರುವುದು ಏನು? ಆಯುಸ್ಸು ಖರ್ಚಾಗುವುದಿಲ್ಲ, ಸರಿ. ಆದರೆ ಏನೋ ಒಂದು ಕರಗುತ್ತಿರಲೇಬೇಕು. ಅದು ಕರಗುವುದು ಕಾಣುತ್ತಿದ್ದರೆ ಪುಸ್ತಕ ಎಷ್ಟೇ ನಿಧಾನವಾಗಿ ನಡೆಯಲಿ, ನಡೆಯುತ್ತಿದೆ ಅಂತ ಲೆಕ್ಕ. ಕಾಣದಿದ್ದರೆ ನಿಂತಿದೆ ಅಂತ.

ಆ್ಯಡಿಯ ಕಥೆಯಲ್ಲಿ ಖರ್ಚಾಗುತ್ತಿರುವುದು ಏನು ಅಂತ ತಿಳಿಯಬೇಕಾದರೆ ಆ ಒಪ್ಪಂದದ ಒಂದು ಸಾಲಿಗೆ ವಾಪಸ್ ಹೋಗಬೇಕು. ಬಹುಶಃ ನೀವೂ ನನ್ನ ಹಾಗೆ ಅದನ್ನು ಬೇಗ ದಾಟಿಬಿಟ್ಟಿರಿ. ಎಷ್ಟು ವರ್ಷ ಬೇಕು ಅಂತ ಅವನು ಕೇಳಿದಾಗ ಅವಳು ಲೆಕ್ಕ ಹೇಳಲಿಲ್ಲ. ಬದುಕು ಸಾಕು ಅಂತ ನನಗೆ ಅನ್ನಿಸಿದ ದಿನ ನನ್ನ ಆತ್ಮ ನಿನ್ನದು ಅಂದಳು. ಅಂದರೆ ಇದು ಅಡವು. ಒಡವೆ ಅಡವಿಟ್ಟವರಿಗೆ ಗೊತ್ತಿರುತ್ತೆ, ಪ್ರತಿ ವರ್ಷ ಬಡ್ಡಿ ಕಟ್ಟಿ ಚೀಟಿ ಹೊಸದು ಮಾಡಿಸಿಕೊಂಡು ಬರುವಾಗ ಕೌಂಟರಿನ ಆ ಕಡೆ ಕೂತವನ ಮುಖ ಹೇಗಿರುತ್ತೆ ಅಂತ. ಬಿಡಿಸಿಕೊಳ್ಳುವುದೂ ಆಗುತ್ತಿಲ್ಲ, ಬಿಟ್ಟುಕೊಡಲೂ ಮನಸ್ಸಿಲ್ಲ. ಆ ಕತ್ತಲಿನವನು, ಅವಳು ಲೂಕ್ ಅಂತ ಹೆಸರಿಟ್ಟವನು, ಒಪ್ಪಂದದ ದಿನ ಬಂದಾಗ ಬಂದು ಕೇಳುವುದು ಅದೇ: ಸುಸ್ತಾಯಿತಾ? ಸೋತೆಯಾ? ಅವಳು ಇಲ್ಲ ಅನ್ನುತ್ತಾಳೆ. ಚೀಟಿ ಇನ್ನೊಂದು ವರ್ಷಕ್ಕೆ ಹೊಸದಾಯಿತು. ಇಲ್ಲಿ ಖರ್ಚಾಗುತ್ತಿರುವುದು ಅವಳ "ಇಲ್ಲ" ಅನ್ನುವ ಶಕ್ತಿ. ಹಸಿವು, ಚಳಿ, ಅವಮಾನ, ಒಂಟಿತನ ಎಲ್ಲ ಅದರ ಮೇಲೆ ಬೀಳುವ ಬಡ್ಡಿ. ನಿಮಗೆ ಬರೀ ಕದಿಯುವುದು, ನಡೆಯುವುದು ಅಂತ ಕಂಡ ಅಧ್ಯಾಯಗಳನ್ನು ಈ ಲೆಕ್ಕದಲ್ಲಿ ಇನ್ನೊಮ್ಮೆ ನೋಡಿ.

ಈಗ ನಿಮ್ಮ ಅತ್ತೆಯವರ ಪ್ರಶ್ನೆ. ಊಟ ಯಾರೂ ಹಾಕುವುದಿಲ್ಲ. ಅವಳಿಗೆ ಹಸಿವಾಗುತ್ತೆ, ಹಸಿವಿನಿಂದ ಸಾವು ಬರುವುದಿಲ್ಲ. ಬಾಡಿಗೆಗೆ ಮನೆ ಸಿಗುವುದಿಲ್ಲ. ಹಣ ಇಸಿದುಕೊಂಡ ಮನೆಯೊಡತಿ ಬಾಗಿಲು ಹಾಕಿಕೊಂಡು ಒಳಗೆ ಹೋಗಿ ಬಂದರೆ ಮುಗಿಯಿತು, ನೀನ್ಯಾರಮ್ಮ ಅಂತ ಕೇಳುತ್ತಾಳೆ. ಸಾಲ ಹುಟ್ಟುವುದಿಲ್ಲ, ಕೆಲಸ ಸಿಗುವುದಿಲ್ಲ, ಯಾಕಂದರೆ ಎರಡಕ್ಕೂ ಎದುರಿನವನಿಗೆ ನಾಳೆ ನೀನು ನೆನಪಿರಬೇಕು. ಇದನ್ನು ಓದುವ ತನಕ ನನಗೆ ಹೊಳೆದಿರಲಿಲ್ಲ, ನಮ್ಮ ದಿನದ ಬದುಕು ಎಷ್ಟರ ಮಟ್ಟಿಗೆ ಬೇರೆಯವರ ಜ್ಞಾಪಕಶಕ್ತಿಯ ಮೇಲೆ ನಡೆಯುತ್ತಿದೆ ಅಂತ. ನಮ್ಮ ಬೀದಿಯ ಅಂಗಡಿಯವನು "ಬರ್ಕೋತೀನಿ ಬಿಡಿ, ಆಮೇಲೆ ಕೊಡಿ" ಅನ್ನುತ್ತಾನಲ್ಲ, ಅಷ್ಟು ಸಣ್ಣದೂ ಅವಳಿಗಿಲ್ಲ.

ಒಂದು ದೃಶ್ಯ ಹತ್ತಿರದಿಂದ ನೋಡೋಣ. ವರ ಪಡೆದು ಅವಳು ಊರಿಗೆ ವಾಪಸ್ ಬರುತ್ತಾಳೆ. ತಾಯಿಗೆ ಗುರುತಿಲ್ಲ. ತಂದೆಗೆ ಗುರುತಿಲ್ಲ. ಎಸ್ಟೆಲ್‌ಗೂ ಇಲ್ಲ. ಕೊನೆಗೆ ಬಾಲ್ಯದ ಗೆಳತಿ ಇಸಬೆಲ್ ಮನೆಗೆ ಹೋಗುತ್ತಾಳೆ. ಇಸಬೆಲ್‌ಗೂ ಗುರುತಿಲ್ಲ, ಆದರೆ ಅವಳು ಒಳ್ಳೆಯವಳು. ಯಾರೋ ಕಷ್ಟದಲ್ಲಿರುವ ಹೆಂಗಸು ಅಂತ ಒಳಗೆ ಕರೆದು ಉಪಚರಿಸುತ್ತಾಳೆ. ಓದುವ ನಮಗೂ ಜೀವ ಬಂದ ಹಾಗಾಗುತ್ತೆ. ಆಮೇಲೆ ಅವಳು ಆ ಕಡೆ ತಿರುಗಿ ಹೋಗಿ ಬರುತ್ತಾಳೆ, ಅಷ್ಟೇ. ಮನೆಯೊಳಗೆ ಅಪರಿಚಿತಳೊಬ್ಬಳು ಕೂತಿದ್ದಾಳೆ ಅಂತ ಬೆಚ್ಚಿಬೀಳುತ್ತಾಳೆ. ದುಷ್ಟರು ಹೊರಗೆ ದೂಡಿದ್ದಕ್ಕಿಂತ ಇದು ಕೆಟ್ಟದ್ದು, ಯಾಕಂದರೆ ಇಲ್ಲಿ ಬೈಯಲು ಯಾರೂ ಇಲ್ಲ. ಕರುಣೆ ಇತ್ತು, ಹೊಸಿಲು ದಾಟುವಷ್ಟರಲ್ಲಿ ಆವಿಯಾಯಿತು. ಈ ದೃಶ್ಯ ಒಂದೇ ಸಲ ಬಂದಿದ್ದರೆ ಕಣ್ಣೀರು ಒರೆಸಿಕೊಂಡು ಮುಂದೆ ಹೋಗುತ್ತಿದ್ದೆವು. ಶ್ವಾಬ್ ಅದನ್ನು ಬೇರೆ ಬೇರೆ ಬಾಗಿಲುಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಮತ್ತೆ ತರುತ್ತಾರೆ. ಓದುವವರಿಗೆ ಸುಸ್ತಾಗಲಿ ಅಂತಲೇ ತರುತ್ತಾರೆ. ನಿಮಗೆ ಸುಸ್ತಾಗಿದೆ. ಅಂದರೆ ಅಷ್ಟರ ಮಟ್ಟಿಗೆ ನೀವು ಪುಸ್ತಕವನ್ನು ಸರಿಯಾಗಿಯೇ ಓದುತ್ತಿದ್ದೀರಿ. ಇದನ್ನು ನಿಮ್ಮ ಗುಂಪಿನ ಆರು ಜನಕ್ಕೆ ಹೇಳಿ ನೋಡಿ.

ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಕಾದಂಬರಿ ವರ್ತಮಾನ ಕಾಲದಲ್ಲಿದೆ. 1714 ಆಗಲಿ, 2014 ಆಗಲಿ, ಅವಳು ಏಳುತ್ತಾಳೆ, ನಡೆಯುತ್ತಾಳೆ, ನೋಡುತ್ತಾಳೆ. ನಾವು ಕನ್ನಡದಲ್ಲಿ ಕಥೆ ಕೇಳಿ ಬೆಳೆದದ್ದು ಎದ್ದಳು, ನಡೆದಳು, ಹೋದಳು ಅಂತ. ಭೂತಕಾಲದಲ್ಲಿ ಒಂದು ಭರವಸೆ ಇದೆ: ಇದೆಲ್ಲ ಆಗಿ ಮುಗಿದಿದೆ, ಯಾರೋ ನೆನಪಿಟ್ಟುಕೊಂಡು ನಮಗೆ ಹೇಳುತ್ತಿದ್ದಾರೆ. ವರ್ತಮಾನದಲ್ಲಿ ಆ ಭರವಸೆ ಇಲ್ಲ. ಇವಳ ಕಥೆ ನೆನಪಿಟ್ಟುಕೊಂಡವರೇ ಯಾರೂ ಇಲ್ಲವಲ್ಲ, "ಹೋದಳು" ಅನ್ನಲು ಯಾರಿದ್ದಾರೆ? ನನಗೆ ಇದು ಹೊಳೆದದ್ದು ಸುಮ್ನೆ ಆಟಕ್ಕೆ ಎರಡು ಪುಟ ಕನ್ನಡಕ್ಕೆ ಮಾಡಲು ಕೂತಾಗ. ಅಭ್ಯಾಸಬಲದಿಂದ ಎಲ್ಲ ಕ್ರಿಯಾಪದಗಳನ್ನೂ ಭೂತಕಾಲಕ್ಕೆ ಹಾಕಿದೆ. ಕಥೆ ತಕ್ಷಣ ಬೇಗ ಓಡತೊಡಗಿತು. ಜೊತೆಗೆ ಸಪ್ಪೆಯೂ ಆಯಿತು, ಯಾರದೋ ಮನೆಯ ಹಳೇ ಸುದ್ದಿ ಕೇಳಿದ ಹಾಗೆ. ವಾಪಸ್ ವರ್ತಮಾನಕ್ಕೆ ತಿದ್ದಿದೆ, ಮತ್ತೆ ಕಾಲು ಎಳೆಯತೊಡಗಿತು. ಆ ಎಳೆತ ಬೇಕೇಬೇಕು ಅನ್ನಿಸಿತು. ಮುನ್ನೂರು ವರ್ಷವೂ ಅವಳಿಗೆ "ಈಗ"ವೇ.

ಹೀಗೆ ಎಳೆದೆಳೆದು ತಂದದ್ದರಿಂದಲೇ ಪುಸ್ತಕದಂಗಡಿಯ ದೃಶ್ಯ ನಿಲ್ಲುವುದು. ಅಲ್ಲಿ ಆಗುವುದು ಏನು? ಹಿಂದಿನ ದಿನ ಅವಳು ಅಂಗಡಿಯಿಂದ ಗ್ರೀಕ್ ಭಾಷೆಯ 'ಒಡಿಸ್ಸಿ' ಮಹಾಕಾವ್ಯ ಕದ್ದಿರುತ್ತಾಳೆ. ಮಾರನೇ ದಿನ ಅದೇ ಪುಸ್ತಕ ಹಿಡಿದು ಬಂದು ಬೇರೆಯದಕ್ಕೆ ಬದಲಾಯಿಸಿಕೊಡಿ ಅನ್ನುತ್ತಾಳೆ. ಈ ಆಟ ಅವಳು ಎಷ್ಟೋ ಸಲ ಆಡಿದ್ದಾಳೆ, ಯಾರಿಗೂ ನೆನಪಿರುವುದಿಲ್ಲವಲ್ಲ. ಅಂಗಡಿಯ ಹುಡುಗ ಸಿಟ್ಟಾಗುತ್ತಾನೆ. ನಿನ್ನೆ ಕದ್ದವಳು ನೀನೇ, ನನಗೆ ನೆನಪಿದೆ ಅನ್ನುತ್ತಾನೆ. ಲೋಕದಲ್ಲಿ ಕಳ್ಳಿ ಅನ್ನಿಸಿಕೊಂಡು ಯಾರಿಗಾದರೂ ಇಷ್ಟು ಸಂತೋಷ ಆಗಿದ್ದರೆ ಅದು ಇವಳಿಗೇ. ಬೇರೆ ಯಾವ ಕಾದಂಬರಿಯಲ್ಲಾದರೂ ಇದು ಒಂದು ಸಣ್ಣ ಜಗಳ. ಇಲ್ಲಿ ನನ್ನ ಕೈಯಿಂದ ಕಾಫಿ ಲೋಟ ಕೆಳಗಿಡಬೇಕಾಯಿತು. ಹಿಂದಿನ ಪುಟಗಳನ್ನೆಲ್ಲ ಹಾರಿಸಿ ನೇರ ಇಲ್ಲಿಗೆ ಬಂದವರಿಗೆ ಇದು ಸಿಗುವುದಿಲ್ಲ. ನೀವು ಅಷ್ಟು ಕಷ್ಟಪಟ್ಟು ಓದಿ ಈ ಜಾಗದಲ್ಲೂ ಏನೂ ಅನ್ನಿಸಲಿಲ್ಲ ಅಂತಾದರೆ, ಅದೊಂದು ಮುಖ್ಯ ಸೂಚನೆ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಮುಖ್ಯ ದೂರು ಇತಿಹಾಸದ್ದು. ಇಲ್ಲಿ ನಾನು ಅರ್ಧ ನಿಮ್ಮ ಕಡೆ.

ಮೊದಲು ಒಪ್ಪದ ಅರ್ಧ. ಅವಳ ಕಾಲದಲ್ಲಿ ಫ್ರಾನ್ಸಿನ ಕ್ರಾಂತಿಯಾಯಿತು, ಎರಡು ಮಹಾಯುದ್ಧಗಳಾದವು, ಅದನ್ನೆಲ್ಲ ಪುಸ್ತಕ ಬದಿಯಿಂದ ಮುಟ್ಟಿ ಹೋಗುತ್ತದೆ ಅನ್ನುವುದು ನಿಜ. ಆದರೆ ಒಳಗಿದ್ದವರಿಗೆ ಇತಿಹಾಸ ಹೇಗೆ ಕಾಣುತ್ತೆ? ನಮ್ಮ ಅಜ್ಜಿಗೆ 1947ರಲ್ಲಿ ಹನ್ನೊಂದು ವರ್ಷ. ಸ್ವಾತಂತ್ರ್ಯ ಬಂದ ದಿನ ಏನಾಯಿತು ಅಂತ ನಾನು ನೋಟ್‌ಬುಕ್ ಹಿಡಿದು ಕೇಳಿದ್ದೆ. ಶಾಲೆಯಲ್ಲಿ ಪೆಪ್ಪರ್‌ಮಿಂಟ್ ಹಂಚಿದರಂತೆ. ತಮ್ಮನಿಗೆ ಎರಡು ಸಿಕ್ಕಿತಂತೆ, ಇವರಿಗೆ ಒಂದೇ. ಎಪ್ಪತ್ತು ವರ್ಷ ಆದರೂ ಆ ಸಿಟ್ಟು ಇಳಿದಿರಲಿಲ್ಲ. ಧ್ವಜ, ಭಾಷಣ ಅಂತ ನಾನು ಎಷ್ಟು ಕೆದಕಿದರೂ ಅವರು ವಾಪಸ್ ಬರುತ್ತಿದ್ದದ್ದು ಆ ಒಂದು ಪೆಪ್ಪರ್‌ಮಿಂಟಿಗೇ. ಇತಿಹಾಸ ಗೊತ್ತಾಗುವುದು ಆಮೇಲೆ, ಪಾಠ ಬರೆದ ಮೇಲೆ. ಹಸಿದವಳಿಗೆ 1789 ಅನ್ನುವುದು ಬೀದಿ ದಾಟಲು ಭಯವಾದ ಒಂದು ಬೇಸಿಗೆ. ಆ್ಯಡಿ ದೊಡ್ಡವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಹಾಗೆ ಪ್ರತಿ ಘಟನೆಯಲ್ಲೂ ಹಾಜರಾಗುತ್ತಿದ್ದರೆ ಪುಸ್ತಕ ಬೇಗ ಓಡುತ್ತಿತ್ತು, ಕ್ವಿಜ್ ಕಾರ್ಯಕ್ರಮ ನೋಡಿದ ಹಾಗೆ.

ಕಾಲ ಉದ್ದ ಇದೆ ಅಂತ ತೋರಿಸಲು ದೊಡ್ಡ ಘಟನೆಗಳಿಗಿಂತ ಸಣ್ಣ ವಸ್ತುಗಳು ಒಳ್ಳೆಯವು. ನಮ್ಮಲ್ಲೇ ಅಶ್ವತ್ಥಾಮ ಇದ್ದಾನಲ್ಲ. ಮಕ್ಕಳ ಹುಟ್ಟುಹಬ್ಬದ ದಿನ ಏಳು ಚಿರಂಜೀವಿಗಳ ಹೆಸರು ಹೇಳುವ ರೂಢಿ ತುಂಬ ಮನೆಗಳಲ್ಲಿದೆ, ಆ ಶ್ಲೋಕ ಶುರುವಾಗುವುದೇ ಅವನಿಂದ. ವಿಚಿತ್ರ ಏನೆಂದರೆ ಅದೇ ಪಟ್ಟಿಯಲ್ಲಿರುವ ಹನುಮಂತನಿಗೆ ಚಿರಂಜೀವಿತ್ವ ವರ, ಅಶ್ವತ್ಥಾಮನಿಗೆ ಶಾಪ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಕೃಷ್ಣ ಅವನಿಗೆ ಕೊಡುವ ಶಾಪ ಓದಿ ನೋಡಿ. ಮೂರು ಸಾವಿರ ವರ್ಷ ಒಬ್ಬನೇ ಅಲೆ, ನಿನ್ನ ಜೊತೆ ಯಾರೂ ಇರಬಾರದು, ಯಾರೂ ಮಾತಾಡಬಾರದು. ಮೈಯೆಲ್ಲ ರಕ್ತ ಕೀವಿನ ವಾಸನೆ. ಇಲ್ಲಿ ಆಯುಸ್ಸನ್ನು ಕಿತ್ತುಕೊಂಡಿಲ್ಲ, ಜೊತೆಯನ್ನು ಕಿತ್ತುಕೊಂಡಿದ್ದಾರೆ. ಆ್ಯಡಿಯ ಶಾಪದ ದಾಯಾದಿ ಇದು. ಆಮೇಲೆ ಜನ ಈ ಕಥೆಯನ್ನು ಏನು ಮಾಡಿದರು ನೋಡಿ. ನರ್ಮದೆಯ ಆಸುಪಾಸಿನಲ್ಲಿ, ಮಧ್ಯಪ್ರದೇಶದ ಬುರ್ಹಾನ್‌ಪುರದ ಹತ್ತಿರ ಅಸೀರ್‌ಗಢ ಕೋಟೆಯ ಕಡೆ ಅವನು ಇನ್ನೂ ತಿರುಗುತ್ತಿದ್ದಾನೆ ಅನ್ನುತ್ತಾರೆ. ಸಂಜೆ ಹೊತ್ತು ಎತ್ತರದ ಮನುಷ್ಯನೊಬ್ಬ ಸಿಕ್ಕಿ ಹಣೆಯ ಗಾಯಕ್ಕೆ ಒಂದು ಚೂರು ಎಣ್ಣೆ ಕೇಳುತ್ತಾನಂತೆ. ಮಣಿ ಕಿತ್ತ ಜಾಗ ಅದು, ಇನ್ನೂ ಒಣಗಿಲ್ಲ. ಕುರುಕ್ಷೇತ್ರ ಹೇಗಿತ್ತು ಅಂತ ಅವನು ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಒಂದು ಚೂರು ಎಣ್ಣೆ ಸಾಕು, ಎಷ್ಟು ಕಾಲ ಕಳೆದಿದೆ ಅಂತ ಹೊಟ್ಟೆಗೇ ಗೊತ್ತಾಗುತ್ತೆ. ಆ್ಯಡಿಯ ಹತ್ತಿರ ಅಪ್ಪ ಕೆತ್ತಿದ ಒಂದು ಮರದ ಉಂಗುರ ಇದೆ. ಅದನ್ನು ಕಳೆದರೂ ಅದು ಅವಳ ಹತ್ತಿರವೇ ವಾಪಸ್ ಬರುತ್ತೆ. ಕ್ರಾಂತಿಗಳನ್ನು ಬಿಟ್ಟು ಆ ಉಂಗುರದ ಬೆನ್ನು ಹತ್ತಿ.

ಇನ್ನು ನಾನು ಒಪ್ಪುವ ಅರ್ಧ. ಮುನ್ನೂರು ವರ್ಷ, ಕೈಯಲ್ಲಿ ಬೇಕಾದಷ್ಟು ಭಾಷೆ, ಸಾವಿನ ಭಯವಿಲ್ಲ, ಟಿಕೆಟ್ ಕೇಳುವವನಿಗೆ ಮುಖ ನೆನಪಿರುವುದಿಲ್ಲ. ಅಂಥವಳು ತಿರುಗಿದ್ದು ಹೆಚ್ಚುಕಡಿಮೆ ಯುರೋಪಿನ ಕೆಲವು ಊರುಗಳು, ಆಮೇಲೆ ಅಮೆರಿಕ. ಹದಿನೆಂಟನೇ ಶತಮಾನದಲ್ಲಿ ಫ್ರೆಂಚರ ಹಡಗುಗಳು ಪಾಂಡಿಚೇರಿಗೆ ಬರುತ್ತಿದ್ದವು, ಒಂದಾದರೂ ಹತ್ತಬಾರದಿತ್ತೇ ತಾಯಿ? ಇದು ನಮ್ಮೂರು ಇಲ್ಲ ಅನ್ನುವ ಕೊರಗಲ್ಲ. ಯಾರ ಕಣ್ಣಿಗೂ ಬೀಳದೆ ಬದುಕುವುದು ಹೇಗೆ ಅಂತ ಕೇಳುವ ಪುಸ್ತಕ ಇದು. ಆ ಮುನ್ನೂರು ವರ್ಷಗಳಲ್ಲೇ ಲಕ್ಷಾಂತರ ಜನರನ್ನು ಹೆಸರಿಲ್ಲದೆ, ಗುರುತಿಲ್ಲದೆ ಹಡಗುಗಳಲ್ಲಿ ತುಂಬಿ ಗುಲಾಮರನ್ನಾಗಿ ಸಾಗಿಸಿದರು. ಆ ಲೋಕ ಅವಳ ದಾರಿಗೆ ಬಹುಮಟ್ಟಿಗೆ ಬರುವುದೇ ಇಲ್ಲ. ಕಾದಂಬರಿ ಕೇಳಿಕೊಂಡ ಪ್ರಶ್ನೆಗೆ ಅದೇ ಎಲ್ಲಕ್ಕಿಂತ ಹತ್ತಿರದ ಜಾಗ ಆಗಿತ್ತು. ಇದು ನಿಧಾನದ ದೋಷವಲ್ಲ, ಕುತೂಹಲದ ಕೊರತೆ.

ದೋಷ ಅಂತ ಇನ್ನೆರಡು ಹೇಳಿಬಿಡುತ್ತೇನೆ. ಮೂಗು ಕೆನ್ನೆಯ ಮೇಲಿನ ಆ ಏಳು ಚುಕ್ಕೆಗಳು. ನಕ್ಷತ್ರದ ಹಾಗೆ ಅಂತ ಮೊದಲ ಸಲ ಹೇಳಿದಾಗ ಚೆನ್ನಾಗಿದೆ. ಎಪ್ಪತ್ತು ಸಲ ಹೇಳಿದರೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಅನ್ನಿಸುತ್ತೆ. ಮತ್ತೆ ಲೂಕ್ ಜೊತೆಗಿನ ಭೇಟಿಗಳು. ಅವಳ "ಇಲ್ಲ" ಅನ್ನುವ ಶಕ್ತಿ ಖರ್ಚಾಗುವುದು ಅಲ್ಲೇ ಅಂತ ನಾನೇ ಮೇಲೆ ಹೇಳಿದೆ. ಆದರೆ ನಡುಭಾಗದಲ್ಲಿ ಇಬ್ಬರೂ ಅದದೇ ಮಾತನ್ನು ಬೇರೆ ಬೇರೆ ಬಟ್ಟೆ ಹಾಕಿಕೊಂಡು ಆಡುತ್ತಾರೆ. ಬಾಗಿಲುಗಳ ದೃಶ್ಯ ಮರುಕಳಿಸಿದಾಗ ಪ್ರತಿ ಸಲವೂ ಏನೋ ಒಂದು ಕಮ್ಮಿಯಾಗುತ್ತಿತ್ತು. ಇಲ್ಲಿ ಎಷ್ಟೋ ಕಡೆ ಏನೂ ಕಮ್ಮಿಯಾಗುವುದಿಲ್ಲ. ನನ್ನ ಬಸ್ ಟಿಕೆಟ್ ಸಿಕ್ಕಿಸಿದ್ದು ಇಂಥ ಒಂದು ಕಡೆ. ಎರಡನೇ ಸಲ ಆ ಪುಟಗಳನ್ನು ಬೇಗ ಬೇಗ ತಿರುವಿದೆ, ಏನೂ ನಷ್ಟವಾಗಲಿಲ್ಲ. ಇದೇ ಅಮರತ್ವದ ಬೇಸರವನ್ನು 1726ರ 'ಗಲಿವರನ ಪ್ರವಾಸ' ಪುಸ್ತಕದಲ್ಲಿ ಜೊನಾಥನ್ ಸ್ವಿಫ್ಟ್ ಒಂದೇ ಅಧ್ಯಾಯದಲ್ಲಿ ಮುಗಿಸಿದ. ಅಲ್ಲಿ ಸಾಯದ ಜನ ಹುಟ್ಟುವಾಗ ಎಡಹುಬ್ಬಿನ ಮೇಲೆ ಒಂದೇ ಚುಕ್ಕೆ, ಏಳಲ್ಲ. ಎಂಬತ್ತಾದರೆ ಕಾನೂನಿನ ಪ್ರಕಾರ ಸತ್ತ ಲೆಕ್ಕ, ಆಸ್ತಿ ಮಕ್ಕಳಿಗೆ. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಅದರ ಶುರು ಮರೆತುಹೋಗುತ್ತೆ ಅವರಿಗೆ. ರಾತ್ರಿ ಹನ್ನೊಂದರ ಮೇಲೆ ನಾನೂ ಹಾಗೇ.

ನಿಮಗೆ ನಿಜವಾಗಲೂ ಇತಿಹಾಸವೇ ಬೇಕು ಅಂದರೆ ಬೇರೆ ಪುಸ್ತಕ ಇದೆ. ಫ್ರೆಂಚ್ ಲೇಖಕಿ ಸಿಮೋನ್ ದ ಬೋವಾ ಅವರ 1946ರ ಕಾದಂಬರಿ, ಇಂಗ್ಲಿಷಿನಲ್ಲಿ 'ಆಲ್ ಮೆನ್ ಆರ್ ಮಾರ್ಟಲ್'. ಅಲ್ಲಿ ಫೋಸ್ಕಾ ಅನ್ನುವವನು ಹುಟ್ಟುವುದು 1279ರಲ್ಲಿ, ಇಟಲಿಯ ಕಾರ್ಮೋನಾ ಎಂಬ ನಗರದಲ್ಲಿ. ಅಮೃತದಂಥ ಏನೋ ಸಿಗುತ್ತೆ. ಜಾಣ, ಮೊದಲು ಒಂದು ಇಲಿಗೆ ಕುಡಿಸಿ ನೋಡುತ್ತಾನೆ. ಇಲಿ ಸಾಯದಿದ್ದಾಗ ತಾನೂ ಕುಡಿಯುತ್ತಾನೆ. ಆಮೇಲೆ ಯುದ್ಧ, ಪ್ಲೇಗು, ಚಕ್ರವರ್ತಿ ಐದನೇ ಚಾರ್ಲ್ಸನ ಆಸ್ಥಾನ, ಅಮೆರಿಕದ ಕಾಡು, ಪ್ಯಾರಿಸ್ಸಿನ ದಂಗೆ, ನೀವು ಕೇಳಿದ್ದೆಲ್ಲ ಇದೆ. ಆದರೆ ಹೇಳಿಬಿಡುತ್ತೇನೆ, ಅದು ಇದಕ್ಕಿಂತ ನಿಧಾನ! ಊರು ಗೆಲ್ಲುತ್ತಾನೆ, ಕಳೆದುಕೊಳ್ಳುತ್ತಾನೆ, ಮತ್ತೆ ಗೆಲ್ಲುತ್ತಾನೆ. ಅಲ್ಲಿ ಖರ್ಚಾಗುವುದು ಅವನ ಆಸೆ. ಬೇಕು ಅನ್ನುವುದೇ ಒಂದೊಂದಾಗಿ ಉದುರಿಹೋಗುತ್ತೆ. ಜೊತೆಗೆ ಕಥೆ ಕೇಳುತ್ತಾ ಕೂತ ರೆಜೀನ್ ಎಂಬ ನಟಿ ಇದ್ದಾಳೆ. ಸಾಯದವನ ನೆನಪಿನಲ್ಲಿ ಉಳಿದರೆ ತಾನೂ ಶಾಶ್ವತ ಅಂದುಕೊಂಡು ಬಂದವಳು, ಕೇಳುತ್ತಾ ಕೇಳುತ್ತಾ ಅವನ ಪಾಲಿಗೆ ತಾನೊಂದು ಹುಲ್ಲುಕಡ್ಡಿ ಅಂತ ತಿಳಿದು ಕಂಗಾಲಾಗುತ್ತಾಳೆ. ಕಥೆ ಹೇಳುವವನಿಗೆ ಕಾಲ ಎಷ್ಟು ಬೇಕಾದರೂ ಇದೆ, ಕೇಳುವವಳಿಗಿಲ್ಲ. ಗಡುವನ್ನು ಕೇಳುವವಳ ಕಡೆ ಇಟ್ಟದ್ದು ಎಂಥ ಉಪಾಯ ನೋಡಿ. ಆ ಇಲಿಯನ್ನು ಮಾತ್ರ ಮರೆಯಬೇಡಿ. ಅದೂ ಸತ್ತಿಲ್ಲವಲ್ಲ. ಲೋಕವೆಲ್ಲ ಮುಗಿದ ಮೇಲೆ ಉಳಿಯುವುದು ತಾನು ಮತ್ತು ಆ ಇಲಿ ಅನ್ನುವುದು ಫೋಸ್ಕಾನ ಕೆಟ್ಟ ಕನಸು. ನಾನು ಓದಿದ ಅಮರರ ಕಥೆಗಳಲ್ಲೆಲ್ಲ ನನ್ನ ನಿದ್ದೆ ಕೆಡಿಸಿದ್ದು ಆ ಇಲಿ ಒಂದೇ.

ಈಗ ನಿಮ್ಮ ಕೈಯಲ್ಲಿರುವ ಪುಸ್ತಕದ ಬಗ್ಗೆ ಏನು ಮಾಡಬೇಕು ಅಂತ. ಭಾಗಗಳ ಶುರುವಿನಲ್ಲಿ ಒಂದೊಂದು ಕಲಾಕೃತಿಯ ವಿವರ ಇದೆ, ವಸ್ತುಸಂಗ್ರಹಾಲಯದ ಫಲಕದ ಹಾಗೆ. ಮರದಲ್ಲಿ ಕೆತ್ತಿದ ಹಕ್ಕಿಗಳ ಬಗ್ಗೆ ಒಂದು ಬರುತ್ತಲ್ಲ, ಅಂಥವು. ನೀವು ಅದನ್ನು ಹಾರಿಸಿದ್ದೀರಿ ಅಂತ ನನ್ನ ಅನುಮಾನ, ಎಲ್ಲರೂ ಹಾರಿಸುತ್ತಾರೆ. ವಾಪಸ್ ಹೋಗಿ ಅವನ್ನು ಮಾತ್ರ ಓದಿ, ಹತ್ತು ನಿಮಿಷದ ಕೆಲಸ. ಅವಳ ಹೆಸರು ಎಲ್ಲೂ ಉಳಿಯುವುದಿಲ್ಲ, ಆದರೆ ಅವಳು ಬೇರೆಯವರ ತಲೆಯಲ್ಲಿ ಬಿತ್ತಿದ್ದು ಉಳಿಯುತ್ತೆ. ಶುರುವಿನಲ್ಲೇ ಟೋಬಿ ಅನ್ನುವ ಹುಡುಗನ ಜೊತೆ ಅವಳು ಪ್ರತಿ ಸಲ ಹೊಸದಾಗಿ ಪರಿಚಯವಾಗಿ, ಒಂದು ರಾಗವನ್ನು ಸ್ವಲ್ಪ ಸ್ವಲ್ಪವೇ ಕಟ್ಟಿಸುತ್ತಾಳಲ್ಲ? ಬೆಳಿಗ್ಗೆ ಅವನಿಗೆ ಇವಳು ಮರೆತುಹೋಗಿರುತ್ತಾಳೆ, ರಾಗ ಮಾತ್ರ ಬೆರಳಿನಲ್ಲಿ ಉಳಿದಿರುತ್ತೆ. ತನ್ನದೇ ಅಂದುಕೊಳ್ಳುತ್ತಾನೆ. ಖರ್ಚಿನ ಲೆಕ್ಕದ ಎದುರು ಪುಟದಲ್ಲಿ ಜಮಾ ಆಗುತ್ತಿರುವುದು ಇದು. ಆ ಫಲಕಗಳು ಜಮಾ ಚೀಟಿಗಳು. ಇವನ್ನು ಸೇರಿಸಿ ಓದಿದರೆ ನಿಂತ ಹಾಗೆ ಕಂಡ ಕಥೆ ಒಳಗೊಳಗೆ ನಡೆಯುತ್ತಿತ್ತು ಅಂತ ಗೊತ್ತಾಗುತ್ತೆ.

ಮತ್ತೆ ಈ ಪುಸ್ತಕವನ್ನು ಮಲಗುವ ಮುಂಚೆ ಓದಬೇಡಿ. ಅಧ್ಯಾಯಗಳು ಚಿಕ್ಕವು, ಇಸವಿ ಹಿಂದೆ ಮುಂದೆ ಹೋಗುತ್ತಿರುತ್ತೆ, ದಿನಕ್ಕೆ ಎರಡೆರಡು ಪುಟ ಅಂತ ಓದಿದರೆ ಯಾವ ಕಡೆಯೂ ಬಿಸಿ ಏರುವುದಿಲ್ಲ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಕೊಟ್ಟು ಒಂದೇ ಉಸಿರಿಗೆ ನೂರು ಪುಟ ಓದಿ ನೋಡಿ. ಮುಂದೆ ಲೂಕ್ ಬಂದು ಸುಸ್ತಾಯಿತಾ ಅಂತ ಕೇಳುವ ಒಂದು ದೃಶ್ಯ ಸಿಗುತ್ತೆ. ಅಲ್ಲಿ ಅವಳು ಏನು ಹೇಳುತ್ತಾಳೋ ಅನ್ನುವುದು ನಿಮಗೆ ಬೇಕಾಗಿದೆಯಾ ಅಂತ ನೋಡಿಕೊಳ್ಳಿ. "ಹೂಂ ಅಂತ ಹೇಳಿ ಮುಗಿಸಮ್ಮ" ಅನ್ನಿಸಿದರೆ ಧೈರ್ಯವಾಗಿ ಮುಚ್ಚಿಡಿ. ಅಂಗಡಿಯ ದೃಶ್ಯದಲ್ಲೂ ಏನೂ ಅನ್ನಿಸಿರಲಿಲ್ಲ ಅಂದರೆ ಅಷ್ಟೂ ಕಾಯುವುದು ಬೇಡ, ಈ ಪುಸ್ತಕಕ್ಕೂ ನಿಮಗೂ ಕೂಡಿಬರುವುದಿಲ್ಲ. ಗುಂಪಿಗೆ ಹೋಗಿ ಪೂರ್ತಿ ಓದಿದ ಹಾಗೆ ನಟಿಸಬೇಡಿ. ಎಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಅಂತ ಪುಟ ತೋರಿಸಿ ಹೇಳಿ. ಎಲ್ಲರೂ ಸೂಪರ್ ಅಂದ ಸಭೆ ಕಾಫಿ ಬರುವ ಮುಂಚೆಯೇ ಮುಗಿದುಹೋಗುತ್ತೆ.

ಎಚ್ಚರಿಸುತ್ತೇನೆ ಅಂದಿದ್ದ ಸಣ್ಣ ಗುಟ್ಟು ಈಗ. ಬೇಡದಿದ್ದರೆ ಈ ಪ್ಯಾರಾ ಬಿಡಿ. ಹೆನ್ರಿಗೆ ಬೀ ಅನ್ನುವ ಗೆಳತಿ ಇದ್ದಾಳೆ, ಕಲೆಯ ಇತಿಹಾಸ ಓದುತ್ತಿರುವವಳು. ಹೆನ್ರಿ ಆ್ಯಡಿಯನ್ನು ಅವಳಿಗೆ ಪರಿಚಯಿಸುತ್ತಾನೆ. ಅವಳು ಮರೆಯುತ್ತಾಳೆ. ಮತ್ತೆ ಪರಿಚಯಿಸುತ್ತಾನೆ. ಪ್ರತಿ ಸಲವೂ ಬೀ ಅವಳ ಮುಖ ದಿಟ್ಟಿಸಿ, ಯಾವ ಕಾಲಕ್ಕೂ ಸೇರದ ಮುಖ ನಿನ್ನದು ಅನ್ನುವ ಅರ್ಥದ ಅದೇ ಮಾತನ್ನು ಅದೇ ಬೆರಗಿನಿಂದ ಹೇಳುತ್ತಾಳೆ. ಮೊದಲ ಸಲ ನಗು ಬರುತ್ತೆ. ಮೂರನೇ ಸಲ ನನಗೆ ಬೇರೆ ಏನೋ ಆಯಿತು. ನಮ್ಮ ತಾಯಿ ಕೊನೆಯ ಎರಡು ವರ್ಷ ದಿನಾ ಸಂಜೆ ನನ್ನನ್ನು ನೋಡಿ "ನೀವು ಯಾರ ಮನೆಯವರು? ತುಂಬ ಪರಿಚಯದ ಮುಖ" ಅನ್ನುತ್ತಿದ್ದರು. ದಿನಾ ಹೊಸದಾಗಿ. ದಿನಾ ಅದೇ ಆಶ್ಚರ್ಯ. ಆಮೇಲೆ, ಯಾರೆಂದು ಗೊತ್ತಿಲ್ಲದಿದ್ದರೂ, "ಊಟ ಆಯ್ತಾ?" ಅಂತ ಕೇಳುತ್ತಿದ್ದರು.

ಅದಕ್ಕೇ ನಿಮ್ಮ ಅತ್ತೆಯವರ ಪ್ರಶ್ನೆ ಓದಿ ಒಂದು ನಿಮಿಷ ಸುಮ್ಮನೆ ಕೂತೆ. ನೀವು ಪುಸ್ತಕ ಮುಗಿಸಿ, ಬಿಡಿ, ನಿಮ್ಮಿಷ್ಟ. ಅವರಿಗೆ ಮಾತ್ರ ಮುಂದಿನ ಕಥೆ ಹೇಳುತ್ತಿರಿ, ಮತ್ತೇನಾದರೂ ಕೇಳಿದರೆ ನನಗೆ ಬರೆದು ಕಳಿಸಿ.